ಮನೆ ಬಿಯರ್‌ಗೆ ಸೋಡಾ ಹಾಕಿದರೆ ಏನಾಗುತ್ತದೆ?

ಇವತ್ತಿನ ವಿಷಯ ಕೇಳಿ ಕೆಲವರು ಹುಬ್ಬು ಏರಿಸಬಹುದು, ಇನ್ನು ಕೆಲವರು ಇಯರ್‌ಫೋನ್ ಸರಿಯಾಗಿ ಹಾಕಿಕೊಂಡು ಕೂಡಬಹುದು. ಮನೆಯಲ್ಲಿ ಮಾಡುವ ಬಿಯರ್‌ಗೆ ಸೋಡಾ ಸೇರಿಸಿದರೆ ಏನಾಗುತ್ತದೆ ಅನ್ನೋದು ಇವತ್ತಿನ ಮಾತು. ನಾನು ಕಿತ್ತೂರು ಹತ್ತಿರದ ದೇಗಾಂವದವನು. ಹೌದು, ಕದಂಬರ ರಾಣಿ ಕಮಲಾದೇವಿ ಹನ್ನೆರಡನೇ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ಗುಡಿ ಇದೆಯಲ್ಲ, ಅದೇ ದೇಗಾಂವ. ಹನ್ನೊಂದು ವರ್ಷದಿಂದ ಅಮೆರಿಕದ ಮಿಷಿಗನ್‌ನಲ್ಲಿ ಕೆಲಸ. ಈಗ ರಜೆಗೆ ಬಂದಿದ್ದೇನೆ, ನಮ್ಮ ಮನೆಯ ಮಾಳಿಗೆ ಮೇಲೆ ಕೂತು ಈ ಮಾತು ರೆಕಾರ್ಡ್ ಮಾಡ್ತಿದ್ದೇನೆ. ನಡುನಡುವೆ ಟ್ರ್ಯಾಕ್ಟರ್ ಸಪ್ಪಳ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೊದಲು ಕಾನೂನಿನ ಮಾತು ಹೇಳಿಬಿಡ್ತೀನಿ. ಇವತ್ತು ನಾನು ಹೇಳೋ ಪ್ರಯೋಗಗಳೆಲ್ಲ ಅಲ್ಲಿ ಮಾಡಿದ್ದು, ಇಲ್ಲಿ ಅಲ್ಲ. ಅಮೆರಿಕದಲ್ಲಿ 1978ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಒಂದು ಕಾಯ್ದೆಗೆ ಸಹಿ ಹಾಕಿದರು. ಆಗಿನಿಂದ ಮನೆ ಬಳಕೆಗೆ, ಮಾರಾಟಕ್ಕಲ್ಲ, ಬಿಯರ್ ಮಾಡಿಕೊಳ್ಳೋದಕ್ಕೆ ಅಲ್ಲಿನ ಕೇಂದ್ರ ಸರ್ಕಾರದ ಅಡ್ಡಿ ಇಲ್ಲ. ಒಬ್ಬ ವಯಸ್ಕನಿಗೆ ವರ್ಷಕ್ಕೆ 100 ಗ್ಯಾಲನ್. ಹಂಗಂತ ಎಲ್ಲ ರಾಜ್ಯಗಳೂ ತಕ್ಷಣ ಒಪ್ಪಲಿಲ್ಲ. ಅಲಬಾಮಾ, ಮಿಸಿಸಿಪ್ಪಿ ಒಪ್ಪಿದ್ದು 2013ರಲ್ಲಿ. ನಮ್ಮಲ್ಲಿ ಕರ್ನಾಟಕ ಅಬಕಾರಿ ಕಾಯ್ದೆ 1965 ಇದೆ. ಪರವಾನಗಿ ಇಲ್ಲದೆ ಮದ್ಯ ತಯಾರಿಸೋದು ಅಪರಾಧ. ನಾನು ಕುಡಿಯೋಕೆ ಮಾತ್ರ ಮಾಡಿದ್ದು, ಒಂದೇ ಬಾಟಲಿ ಮಾಡಿದ್ದು ಅನ್ನೋ ಮಾತು ನಡೆಯಲ್ಲ. ಆದ್ದರಿಂದ ಇದನ್ನ ಕೇಳಿ ಯಾರೂ ಹಿತ್ತಲಲ್ಲಿ ಡ್ರಮ್ ಇಡಬೇಡಿ.

ಇನ್ನೊಂದು ಮಾತು. 2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳಿಕೊಂಡು ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಹೋದರು. ಕುಡಿತದಿಂದ ಮನೆ ಹಾಳಾಗೋದನ್ನ ಕಣ್ಣಾರೆ ನೋಡಿದವರ ಸಿಟ್ಟು ಅದು. ನಮ್ಮ ಓಣಿಯಲ್ಲೂ ಅಂಥ ಮನೆಗಳಿವೆ. ಕುಡಿಯಿರಿ ಅಂತ ಹೇಳೋಕೆ ನಾನು ಇಲ್ಲಿ ಕೂತಿಲ್ಲ. ಬಾಟಲಿಯೊಳಗೆ ಏನು ನಡೀತದೆ ಅಂತ ತಿಳಿಯದವರೇ ಜಾಸ್ತಿ ಪೆಟ್ಟು ತಿಂತಾರೆ, ಅದಕ್ಕೇ ಈ ಮಾತು.

ಸರಿ, ವಿಷಯಕ್ಕೆ ಬರೋಣ.

ನಾನು ಬಿಯರ್‌ಗೆ ಸೋಡಾ ಹಾಕಿ ನೋಡಿದೆ ಅಂದಾಗ ನಮ್ಮವ್ವ ಕೇಳಿದ್ದು, “ಯಾವ ಸೋಡಾ, ಭಜಿಗೆ ಹಾಕೂದೋ, ಕುಡಿಯೂದೋ?” ಅಂತ. ನಗೋ ಪ್ರಶ್ನೆ ಅಲ್ಲ ಇದು. ಬಿಯರ್ ಮಾಡುವವರು ಎರಡನ್ನೂ ಬಳಸ್ತಾರೆ. ಅಡುಗೆ ಸೋಡಾದ ಕೆಲಸ ನೀರಿನದು. ಬಾರ್ಲಿಯನ್ನ ಮೊಳಕೆ ಕಟ್ಟಿ ಒಣಗಿಸಿದರೆ ಮಾಲ್ಟ್. ಅದನ್ನ ಬಿಸಿನೀರಿನಲ್ಲಿ ನೆನೆಸಿ ಸಿಹಿ ಕಷಾಯ ತೆಗೀತಾರೆ. ಕಾಫಿ ಬೀಜದ ಹಾಗೆ ಕಪ್ಪಗೆ ಹುರಿದ ಮಾಲ್ಟ್ ಜಾಸ್ತಿ ಇದ್ದರೆ ಆ ನೀರು ಹುಳಿಯ ಕಡೆ ವಾಲ್ತದೆ. ಆಗ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ ಸರಿ ಮಾಡ್ತಾರೆ. ಡಬ್ಲಿನ್ ಊರಿನಲ್ಲಿ ಕಪ್ಪು ಬಿಯರ್ ಹೆಸರಾಗೋದಕ್ಕೆ ಅಲ್ಲಿಯ ನೀರು ಕ್ಷಾರದ್ದಾಗಿದ್ದೂ ಒಂದು ಕಾರಣ. ಆದರೆ ತಯಾರಾದ ಬಿಯರ್‌ಗೆ ಅಡುಗೆ ಸೋಡಾ ಹಾಕಿದರೆ ಬುಸ್ಸಂತ ನೊರೆ ಬಂದು, ಇದ್ದ ಗ್ಯಾಸೂ ಹೋಗಿ, ಉಪ್ಪುಪ್ಪಾದ ಚಪ್ಪೆ ನೀರು ಉಳೀತದೆ. ಅಷ್ಟೇ ಅದರ ಕಥೆ.

ಕುಡಿಯೋ ಸೋಡಾದ ಕಥೆ ದೊಡ್ಡದು. ಸೋಡಾ ಹುಟ್ಟಿದ್ದೇ ಬಿಯರ್ ಹತ್ತಿರ! ಜೋಸೆಫ್ ಪ್ರೀಸ್ಟ್‌ಲಿ ಅಂತ ಇಂಗ್ಲೆಂಡಿನ ಪಾದ್ರಿ, ವಿಜ್ಞಾನಿ. 1767ರಲ್ಲಿ ಲೀಡ್ಸ್ ಊರಿನಲ್ಲಿ ಅವರ ಮನೆ ಪಕ್ಕದಲ್ಲೇ ಬಿಯರ್ ಕಾರ್ಖಾನೆ. ಹುದುಗುತ್ತಿದ್ದ ಬಿಯರ್ ತೊಟ್ಟಿಯ ಮೇಲೆ ಒಂದು ಭಾರವಾದ ಗಾಳಿ ನಿಂತಿರ್ತದೆ, ಉರಿಯೋ ಕಡ್ಡಿ ಹಿಡಿದರೆ ಆರಿಹೋಗ್ತದೆ ಅಂತ ಅವರು ಗಮನಿಸಿದರು. ಆ ಗಾಳಿಯಲ್ಲಿ ನೀರನ್ನ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದಾಗ ನೀರಿಗೆ ಚುರುಚುರು ರುಚಿ ಬಂತು. 1772ರಲ್ಲಿ ಅದನ್ನ ಮಾಡೋ ವಿಧಾನವನ್ನೇ ಬರೆದು ಪ್ರಕಟಿಸಿದರು. ಹಾಗೆ ನೋಡಿದರೆ ಬಿಯರ್‌ಗೆ ಸೋಡಾ ಹಾಕೋದು ಅಂದರೆ ಮಗಳನ್ನ ತವರಿಗೆ ಕಳಿಸಿದ ಹಾಗೆ.

ಈಗ ನನ್ನ ಜಾಡಿಗಳ ಲೆಕ್ಕ. ನಾಲ್ಕು ಲೀಟರ್ ಹಿಡಿಯೋ ಗಾಜಿನ ಜಾಡಿಗಳು, ಎಲ್ಲಕ್ಕೂ ಒಂದೇ ಮಾಲ್ಟ್ ಪುಡಿ, ಒಂದೇ ಹಾಪ್ಸ್, ಒಂದೇ ಯೀಸ್ಟ್. ಬದಲಾಗಿದ್ದು ಸೋಡಾ ಮಾತ್ರ. ಹಾಪ್ಸ್ ಅಂದರೆ ಬಿಯರ್‌ಗೆ ಕಹಿ ಕೊಡೋ ಹೂವು.

ಮೊದಲನೇ ಜಾಡಿಗೆ ಮೂರು ಲೀಟರ್ ಮಾಲ್ಟ್ ಕಷಾಯ, ಒಂದು ಲೀಟರ್ ಕೋಲಾ. ಕೋಲಾವನ್ನ ಹಿಂದಿನ ರಾತ್ರಿಯೇ ಅಗಲ ಪಾತ್ರೆಗೆ ಸುರಿದು, ಆಗಾಗ ತಿರುವಿ ಗ್ಯಾಸು ಬಿಡಿಸಿದ್ದೆ. ಒಂದು ಲೀಟರ್ ಕೋಲಾದಲ್ಲಿ ಸುಮಾರು 106 ಗ್ರಾಂ ಸಕ್ಕರೆ ಇರ್ತದೆ. ಹತ್ತಿರ ಹತ್ತಿರ ಇಪ್ಪತ್ತೈದು ಚಮಚ! ಯೀಸ್ಟ್‌ಗೆ ಆ ಸಕ್ಕರೆ ಹಬ್ಬದ ಊಟ. ಮಾಲ್ಟ್‌ನಲ್ಲಿರೋ ಸಕ್ಕರೆಯಲ್ಲಿ ಒಂದಿಷ್ಟು ಭಾಗ ಯೀಸ್ಟ್‌ಗೆ ಜೀರ್ಣ ಆಗಲ್ಲ, ಅದೇ ಬಿಯರ್‌ಗೆ ಮೈ ಕೊಡೋದು. ಕೋಲಾದ ಸಕ್ಕರೆ ಹಂಗಲ್ಲ, ಒಂದು ಕಣವೂ ಉಳಿಯಲ್ಲ. ಎರಡು ವಾರದ ಮೇಲೆ ರುಚಿ ನೋಡಿದರೆ ಕೋಲಾದ ಸಿಹಿ ಪೂರಾ ಮಾಯ. ಉಳಿದಿದ್ದು ಅದರ ಫಾಸ್ಫಾರಿಕ್ ಆಮ್ಲದ ಹುಳಿ, ಕೆಫೀನ್‌ನ ಕಹಿ, ಸುಟ್ಟ ಸಕ್ಕರೆಯ ಬಣ್ಣ. ಕಣ್ಣಿಗೆ ಚೆಂದ, ಬಾಯಿಗೆ ತೆಳು. ಸಿಹಿ ತೆಗೆದರೆ ಕೋಲಾ ಎಷ್ಟು ಹುಳಿ ಅನ್ನೋದು ಅವತ್ತು ನಾಲಿಗೆಗೆ ಗೊತ್ತಾಯ್ತು. ನಿಂಬೆಹಣ್ಣಿನ ರಸದ ಹತ್ತಿರದ ಹುಳಿ ಅದು. ಸಕ್ಕರೆ ಅದನ್ನ ಮುಚ್ಚಿಟ್ಟಿರ್ತದೆ.

ಎರಡನೇದು ಕಿತ್ತಳೆ ಸೋಡಾ. ಇಲ್ಲಿ ಎರಡು ಥರ ನೋಡಿದೆ. ಒಂದು ಸಣ್ಣ ಬಾಟಲಿಯಲ್ಲಿ ಬರೀ ಸೋಡಾಕ್ಕೇ ಯೀಸ್ಟ್ ಹಾಕಿಟ್ಟೆ. ಐದು ದಿನ, ಒಂದು ಗುಳ್ಳೆ ಇಲ್ಲ. ಇನ್ನೊಂದರಲ್ಲಿ ಚೆನ್ನಾಗಿ ಹುದುಗುತ್ತಿದ್ದ ಬಿಯರ್‌ಗೇ, ಮೂರನೇ ದಿನ, ಐದಕ್ಕೆ ಒಂದು ಪಾಲು ಸೋಡಾ ಸೇರಿಸಿದೆ. ಅದು ನಿಲ್ಲಲೇ ಇಲ್ಲ. ಕಾರಣ ಬಾಟಲಿಯ ಚೀಟಿಯಲ್ಲೇ ಇತ್ತು. ಸೋಡಿಯಂ ಬೆಂಜೊಯೇಟ್. ನಮ್ಮ ಕಡೆ ಬಾಟಲಿಗಳ ಮೇಲೆ ಅದನ್ನ 211 ಅಂತ ನಂಬರಿನಲ್ಲಿ ಬರೀತಾರೆ. ಪೊಟ್ಯಾಸಿಯಂ ಸಾರ್ಬೇಟ್ ಆದರೆ 202. ಕೆಡದ ಹಾಗೆ ಹಾಕೋ ಪದಾರ್ಥಗಳು ಇವು. ಯೀಸ್ಟ್, ಬೂಸು ಬೆಳೆಯಬಾರದು ಅಂತಲೇ ಹಾಕೋದು. ಹುಳಿ ಹೆಚ್ಚಿದ್ದಷ್ಟೂ ಬೆಂಜೊಯೇಟ್‌ನ ಕೆಲಸ ಜೋರು. ಸೋಡಾದ ಹುಳಿಯಲ್ಲಿ ಹೊಸ ಯೀಸ್ಟ್ ತಲೆ ಎತ್ತಲ್ಲ. ಆದರೆ ಬಿಯರ್‌ನಲ್ಲಿ ಅದು ತೆಳುವಾಗ್ತದೆ, ಹುಳಿಯೂ ಇಳೀತದೆ, ಅಷ್ಟರೊಳಗೆ ಯೀಸ್ಟ್ ದಂಡು ಕಟ್ಟಿರ್ತದೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ: ಬೆಂಜೊಯೇಟ್ ಇದೆ, ಇನ್ನು ಹುದುಗಲ್ಲ ಅಂತ ಧೈರ್ಯ ಮಾಡೋ ಹಾಗಿಲ್ಲ.

ಡಯಟ್ ಸೋಡಾ ಕೂಡ ಹಾಕಿದ್ದೆ. ಅದರಲ್ಲಿ ಯೀಸ್ಟ್‌ಗೆ ತಿನ್ನೋದಕ್ಕೆ ಏನೂ ಇಲ್ಲ, ಸಿಹಿ ಹಾಗೇ ಉಳೀತದೆ. ನನಗೆ ಹಿಡಿಸಲಿಲ್ಲ, ಗೆಳೆಯರಲ್ಲಿ ಇಬ್ಬರಿಗೆ ಹಿಡಿಸ್ತು. ಶುಂಠಿ ಸೋಡಾ ಹಾಕಿದ ಜಾಡಿ ಮಾತ್ರ ಎಲ್ಲರೂ ಎರಡನೇ ಸಲ ಕೇಳಿದ್ದು. ಸಕ್ಕರೆ ಹೋದರೂ ಶುಂಠಿಯ ಖಾರ ಹೋಗಲ್ಲ, ಹಾಪ್ಸ್ ಕಹಿ ಜೊತೆ ಚೆನ್ನಾಗಿ ಕೂಡ್ತದೆ. ನಿಜ ಹೇಳಬೇಕಂದರೆ ಅಂಗಡಿ ಸೋಡಾಕ್ಕಿಂತ ಹಸಿಶುಂಠಿ ಜಜ್ಜಿ ಹಾಕಿದರೆ ಇನ್ನೂ ಚೆನ್ನ, ಆಮೇಲೆ ಹಂಗೇ ಮಾಡಿದೆ.

ಇಷ್ಟೆಲ್ಲ ಮಾಡಿ ನನಗೆ ತಿಳಿದದ್ದು, ಸೋಡಾದ ರುಚಿ ಬೇಕಾದರೆ ಅದನ್ನ ಹುದುಗಿಸಬಾರದು, ಗ್ಲಾಸಿನಲ್ಲಿ ಬೆರೆಸಬೇಕು. ಜರ್ಮನಿಯಲ್ಲಿ ಅದಕ್ಕೆ ರಾಡ್ಲರ್ ಅಂತಾರೆ, ಸೈಕಲ್ ಹೊಡೆಯೋವ ಅಂತ ಅರ್ಥ. ಅರ್ಧ ಬಿಯರ್, ಅರ್ಧ ನಿಂಬೆ ಸೋಡಾ. 1922ರಲ್ಲಿ ಮ್ಯೂನಿಕ್ ಹತ್ತಿರ ಕುಗ್ಲರ್ ಅನ್ನೋ ಹೋಟೆಲಿನವರ ಬಳಿ ಸೈಕಲ್ ಸವಾರರ ಗುಂಪು ಬಂದು ಬಿಯರ್ ಸಾಲದೆ ಬಂತು, ಅವರು ಸೋಡಾ ಬೆರೆಸಿ ಕೊಟ್ಟರು ಅಂತ ಕಥೆ. ಹೆಸರು ಅದಕ್ಕಿಂತ ಹಳೇದು ಅನ್ನೋರೂ ಇದ್ದಾರೆ. ಅಷ್ಟು ದೂರ ಯಾಕೆ? ಬೇಸಿಗೆಯಲ್ಲಿ ಗೋವಾಕ್ಕೆ ಹೋಗಿಬಂದ ನಮ್ಮ ಹುಡುಗರನ್ನ ಕೇಳಿ. ಗೇರುಹಣ್ಣಿನ ಉರಾಕ್‌ಗೆ ಲಿಮ್ಕಾ, ಉಪ್ಪು, ಸೀಳಿದ ಹಸಿಮೆಣಸಿನಕಾಯಿ. ಯಾವ ಪುಸ್ತಕ ಓದಿ ಕಲಿತರು ಅವರು?

ಈಗ ಕಾಕಾನ ಮಾತು. ನಮ್ಮ ಕಾಕಾ ಮೂವತ್ತು ವರ್ಷ ಸಂತೆ, ಜಾತ್ರೆಗಳಲ್ಲಿ ಗೋಲಿ ಸೋಡಾ ಮಾರಿದವರು. ಗೋಲಿ ಬಾಟಲಿ ಹಿರಮ್ ಕಾಡ್ ಅನ್ನೋ ಇಂಗ್ಲಿಷಿನವರು 1870ರ ಸುಮಾರಿಗೆ ಕಂಡುಹಿಡಿದದ್ದು. ಅಲ್ಲಿ ಮರೆತು ಎಷ್ಟೋ ಕಾಲ ಆಯ್ತು, ನಮ್ಮಲ್ಲಿ ಉಳೀತು. ಬಾಟಲಿ ತಲೆಕೆಳಗು ಮಾಡಿ ಗ್ಯಾಸು ತುಂಬ್ತಾರೆ. ಗ್ಯಾಸೇ ಗೋಲಿಯನ್ನ ಒತ್ತಿ ಕುತ್ತಿಗೆಯ ರಬ್ಬರ್ ಉಂಗುರಕ್ಕೆ ಕೂರಿಸ್ತದೆ. ಬೂಚಿಲ್ಲ, ಮುಚ್ಚಳ ಇಲ್ಲ. ಒಳಗಿನ ಒತ್ತಡವೇ ಬಾಗಿಲು ಹಾಕಿಕೊಳ್ತದೆ. ನಾನು ಜಾಡಿಗಳ ಕಥೆ ಹೇಳಿದಾಗ ಕಾಕಾ ಪೂರಾ ಕೇಳಿಸಿಕೊಂಡು, “ಅದೆಲ್ಲಾ ಇರ್ಲಿ ತಮ್ಮಾ, ಬಾಟ್ಲ್ಯಾಗ ಹಾಕಿ ಮುಚ್ಚಿದ ಮ್ಯಾಲ ಗ್ಯಾಸ್ ಯಾರ ಕೈಯಾಗ ಇರ್ತೈತಿ?” ಅಂದರು. ಕಾಕಾನ ಬಲಗೈ ಹೆಬ್ಬೆರಳ ಬುಡದಲ್ಲಿ ಒಂದು ಉದ್ದನೆ ಗಾಯದ ಗುರುತಿದೆ. ತುಂಬೋವಾಗ ಒಡೆದ ಬಾಟಲಿ. ಆಮೇಲೆ ಗೋಣಿ ತಟ್ಟು ಸುತ್ತದೆ ಒಂದು ಬಾಟಲಿನೂ ಮಶಿನ್‌ಗೆ ಕೊಟ್ಟವರಲ್ಲ.

ಕಾಕಾನ ಪ್ರಶ್ನೆಗೆ ಉತ್ತರ ಲೆಕ್ಕದಲ್ಲಿದೆ. ಸ್ವಲ್ಪ ನಿಧಾನ ಹೇಳ್ತೀನಿ.

ಗ್ಯಾಸನ್ನ ಅಳೆಯೋದು ಹೀಗೆ. ಒಂದು ಲೀಟರ್ ಪಾನೀಯದಲ್ಲಿ ಎಷ್ಟು ಲೀಟರ್ ಗ್ಯಾಸು ಕರಗಿದೆ? ಸಾಧಾರಣ ಬಿಯರ್‌ನಲ್ಲಿ ಎರಡೂವರೆ, ಸೋಡಾದಲ್ಲಿ ಮೂರೂವರೆಯಿಂದ ನಾಲ್ಕು. ಮುಚ್ಚಿದ ಬಾಟಲಿಯಲ್ಲಿ ಯೀಸ್ಟ್ ನಾಲ್ಕು ಗ್ರಾಂ ಸಕ್ಕರೆ ತಿಂದರೆ ಲೀಟರ್‌ಗೆ ಒಂದು ಲೀಟರ್ ಗ್ಯಾಸು. ಮನೆ ಬಿಯರ್ ಮಾಡೋವರು ಗ್ಯಾಸಿನ ಸಿಲಿಂಡರ್ ಇಲ್ಲದಿದ್ದರೆ ಇದನ್ನೇ ಬಳಸ್ತಾರೆ. ಹುದುಗು ಪೂರ್ತಿ ಮುಗಿದ ಮೇಲೆ, ಬಾಟಲಿಗೆ ತುಂಬೋ ಮುಂಚೆ ಲೀಟರ್‌ಗೆ ಆರೂವರೆ ಗ್ರಾಂ ಸಕ್ಕರೆ. ಹುದುಗಿನಲ್ಲೇ ಉಳಿದ ಅಲ್ಪಸ್ವಲ್ಪ ಗ್ಯಾಸೂ ಸೇರಿ ಎರಡೂವರೆ ಆಗ್ತದೆ. ಆ ಆರೂವರೆ ಗ್ರಾಂ ಸಕ್ಕರೆಯನ್ನ ನಾನು ಕೋಲಾದಲ್ಲೇ ಕೊಟ್ಟು ನೋಡಿದೆ. ಲೀಟರ್‌ಗೆ 60 ಮಿಲಿಲೀಟರ್ ಕೋಲಾ. ಚೆನ್ನಾಗಿ ನೊರೆ ಕಟ್ಟಿತು, ರುಚಿಯಲ್ಲಿ ಮಾತ್ರ ಕೋಲಾ ಇದೆ ಅಂತ ಯಾರಿಗೂ ತಿಳಿಯಲಿಲ್ಲ.

ಈಗ ಇದೇ ಲೆಕ್ಕ ಉಲ್ಟಾ ಹಾಕಿ. ಯಾರೋ ಒಬ್ಬ ಅಷ್ಟು ಚೂರು ಸಾಲದು, ಕೋಲಾ ರುಚಿ ಬೇಕು ಅಂತ ನಾಲ್ಕು ಲೀಟರ್ ಬಿಯರ್‌ಗೆ ಒಂದು ಲೀಟರ್ ಕೋಲಾ ಸುರಿದು ಮುಚ್ಚಳ ಹಾಕಿಬಿಟ್ಟ ಅಂತ ಇಟ್ಟುಕೊಳ್ಳಿ. ಲೀಟರ್‌ಗೆ 21 ಗ್ರಾಂ ಸಕ್ಕರೆ. ಅಂದರೆ ಐದು ಲೀಟರ್ ಗ್ಯಾಸಿನ ಮೇಲೆ, ಮೊದಲಿದ್ದದ್ದು ಸೇರಿ ಆರು. ಶಾಂಪೇನ್‌ನ ದಪ್ಪ ಬಾಟಲಿಗೆ ಅದು ಸರಿ. ಮೂರಕ್ಕಾಗಿ ಮಾಡಿದ ಬಿಯರ್ ಬಾಟಲಿಗೆ ಅಲ್ಲ. ತಣ್ಣಗೆ ಫ್ರಿಜ್‌ನಲ್ಲಿ ಸುಮ್ಮನಿರ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಅಟ್ಟದ ಮೇಲೆ ಇಟ್ಟಿದ್ದರೆ? ಗಾಜಿನ ಚೂರು ಕಣ್ಣಿಗೆ ಬಂದ ಮೇಲೆ ರುಚಿಯ ಮಾತು ಯಾರು ಆಡ್ತಾರೆ. ಬರೀ ಕೋಲಾಕ್ಕೇ ಯೀಸ್ಟ್ ಹಾಕಿ ಮುಚ್ಚಿದರೆ, ಪೂರಾ ಹುದುಗಿದರೆ, ಲೆಕ್ಕ ಇಪ್ಪತ್ತಾರಕ್ಕೆ ಹೋಗ್ತದೆ. ಅಲ್ಲಿಯವರೆಗೆ ಯಾವ ಬಾಟಲಿಯೂ ಕಾಯಲ್ಲ.

ಸೋಡಾ ವ್ಯಾಪಾರಕ್ಕೂ ಬಿಯರ್‌ಗೂ ಇರೋ ವ್ಯತ್ಯಾಸ ಇದೇ. ಕಾಕಾನ ಮಶಿನ್‌ನಲ್ಲಿ ಗ್ಯಾಸು ಹೊರಗಿಂದ ಬರ್ತದೆ, ವಾಲ್ವ್ ತಿರುಗಿಸಿದರೆ ನಿಲ್ತದೆ. ಹುದುಗೋ ಬಾಟಲಿಯಲ್ಲಿ ಗ್ಯಾಸು ಒಳಗೇ ಹುಟ್ತದೆ, ನಿಲ್ಲೋದು ಸಕ್ಕರೆ ಮುಗಿದಾಗ ಇಲ್ಲಾ ಯೀಸ್ಟ್ ಸತ್ತಾಗ.

ಜನ ಹೆದರೋದು ಬೇರೆ ವಿಷಯಕ್ಕೆ. ಮನೆಯಲ್ಲಿ ಮಾಡಿದ್ದು ವಿಷ ಆಗ್ತದಲ್ಲ, ಕಣ್ಣು ಹೋಗ್ತದಲ್ಲ ಅಂತ ಕೇಳ್ತಾರೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತದ್ದು ನಮ್ಮ ಹಿರಿಯರಿಗೆ ನೆನಪಿದೆ. ಅಂಥ ಸಾವುಗಳಿಗೆ ಕಾರಣ ಮೆಥನಾಲ್, ಕೈಗಾರಿಕೆಗೆ ಬಳಸೋ ಸ್ಪಿರಿಟ್. ದುಡ್ಡಿನಾಸೆಗೆ ಬೆರೆಸೋದು. ಬಾರ್ಲಿ, ಸಕ್ಕರೆ ಹುದುಗಿದರೆ ಕೊಲ್ಲೋವಷ್ಟು ಮೆಥನಾಲ್ ಹುಟ್ಟಲ್ಲ. ಮನೆ ಬಿಯರ್‌ನಲ್ಲಿ ಹೆದರಬೇಕಾದದ್ದು ಗಾಜಿಗೆ.

ಇದನ್ನೆಲ್ಲ ಇಷ್ಟು ಬಿಡಿಸಿ ಹೇಳೋದಕ್ಕೆ ಕಾರಣ ಕಾಕಾನ ಮಗ. ನನ್ನ ತಮ್ಮ. ಕಾಕಾ ಗಾಡಿ ನಿಲ್ಲಿಸಿ ಆರು ವರ್ಷ. ಇನ್ನೂರು ಚಿಲ್ಲರೆ ಗೋಲಿ ಬಾಟಲಿ ಅಟ್ಟದ ಮೇಲೆ ಧೂಳು ತಿಂತಾ ಕೂತಿವೆ. ತಮ್ಮ ಡಿಪ್ಲೊಮಾ ಮುಗಿಸಿ ಎರಡು ವರ್ಷದಿಂದ ಅಲ್ಲಿ ಇಲ್ಲಿ ಓಡಾಡ್ತಿದ್ದಾನೆ. ಅವನು ಮೊಬೈಲ್‌ನಲ್ಲಿ ವಿಡಿಯೊ ನೋಡಿ ಒಂದು ಐಡಿಯಾ ಮಾಡಿದ್ದ. ಶುಂಠಿ, ಬೆಲ್ಲ, ಯೀಸ್ಟ್ ಹಾಕಿ, ಹಳೇ ಗೋಲಿ ಬಾಟಲಿಯಲ್ಲಿ ತಾನಾಗೇ ಗ್ಯಾಸು ಬರೋ ‘ನ್ಯಾಚುರಲ್’ ಜಿಂಜರ್ ಬಿಯರ್. ಹೆಸರಿಗೆ ಬಿಯರ್, ಕುಡಿದರೆ ಸೋಡಾ. ಕಿತ್ತೂರು ಉತ್ಸವದಲ್ಲಿ ಸ್ಟಾಲ್ ಹಾಕ್ತೀನಿ ಅಂತ. ಚೊಲೊ ಐಡಿಯಾನೇ. ಬೆಲ್ಲಕ್ಕೆ ನಮ್ಮ ಕಡೆ ಬರ ಇಲ್ಲ, ಗೋಲಿ ಬಾಟಲಿ ಅಂದರೆ ಬೆಂಗಳೂರಿನವರೂ ನಿಂತು ಫೋಟೊ ತೆಗೀತಾರೆ. ಅವನ ಕಣ್ಣಲ್ಲಿ ಬಹಳ ದಿನದ ಮೇಲೆ ಹುರುಪು ಕಂಡಿತ್ತು, ಹಂಗಾಗಿ ಬೇಡ ಅನ್ನೋದು ನನಗೂ ಸುಲಭ ಇರಲಿಲ್ಲ.

ಇಬ್ಬರೂ ಕೂತು ಲೆಕ್ಕ ಹಾಕಿದೆವು. ಗೋಲಿ ಗಟ್ಟಿಯಾಗಿ ಕೂರಬೇಕು, ಒತ್ತಿದರೆ ‘ಟಪ್’ ಅನ್ನಬೇಕು. ಅಂದರೆ ಮೂರೂವರೆ ಗ್ಯಾಸು ಬೇಕೇ ಬೇಕು. ಅದಕ್ಕೆ ಯೀಸ್ಟ್ ಲೀಟರ್‌ಗೆ 14 ಗ್ರಾಂ ಸಕ್ಕರೆ ತಿನ್ನಬೇಕು. ಆದರೆ ಯೀಸ್ಟ್ ಬರೀ ಗ್ಯಾಸು ಕೊಡಲ್ಲ, ಜೊತೆಗೇ ಅಷ್ಟೇ ತೂಕದ ಆಲ್ಕೊಹಾಲ್ ಕೊಡ್ತದೆ. 14 ಗ್ರಾಂಗೆ ಸುಮಾರು ಶೇ 0.9. ನಮ್ಮ ದೇಶದ ಆಹಾರ ಸುರಕ್ಷತೆ ನಿಯಮದಲ್ಲಿ ಶೇ 0.5 ದಾಟಿದರೆ ಅದು ಮದ್ಯ. ಅಂದರೆ ಗೋಲಿ ಸೋಡಾದಷ್ಟು ಗ್ಯಾಸನ್ನ ಬರೀ ಯೀಸ್ಟ್‌ನಿಂದ ತೆಗೆದರೆ, ಎಷ್ಟೇ ಜಾಗರೂಕತೆಯಿಂದ ಮಾಡಿದರೂ, ಗೆರೆ ದಾಟಿಯೇ ದಾಟ್ತದೆ. ಉತ್ಸವಕ್ಕೆ ಬರೋ ಶಾಲೆ ಮಕ್ಕಳ ಕೈಗೆ ಕೊಡೋ ಬಾಟಲಿ ಅದು.

ಅದೂ 14 ಗ್ರಾಂಗೆ ನಿಂತರೆ. ಕುಡಿಯೋವಾಗ ಸಿಹಿ ಇರಬೇಕಾದರೆ ಇನ್ನೂ 80 ಗ್ರಾಂ ಬೆಲ್ಲ ಒಳಗಿರಬೇಕಲ್ಲ? ಯೀಸ್ಟ್‌ಗೆ ಎಲ್ಲಿ ನಿಲ್ಲಬೇಕು ಅಂತ ಯಾರು ಹೇಳೋರು? ಫ್ರಿಜ್‌ನಲ್ಲಿಟ್ಟರೆ ನಿಧಾನ ಆಗ್ತದೆ, ನಿಲ್ಲಲ್ಲ. ಸ್ಟಾಲ್‌ನಲ್ಲಿ ಬಿಸಿಲಿಗೆ ಇಟ್ಟರೆ ಓಡ್ತದೆ. ತಮ್ಮ, “211 ಹಾಕಿದ್ರ?” ಅಂದ. ನನ್ನ ಕಿತ್ತಳೆ ಜಾಡಿ ಕಥೆ ಇನ್ನೊಮ್ಮೆ ಹೇಳಿದೆ. ದಂಡು ಕಟ್ಟಿದ ಯೀಸ್ಟ್ ಅದಕ್ಕೆಲ್ಲ ಬಗ್ಗಲ್ಲ.

ಅವನು ಸ್ವಲ್ಪ ಹೊತ್ತು ಸುಮ್ಮನೆ ಕೂತ. ಆಮೇಲೆ, “ಹಂಗಾದ್ರ ಯೀಸ್ಟ್ ಬ್ಯಾಡ. ಅಪ್ಪನ ಮಶಿನ್ ತಗದ್ರ ನಡೀತೈತಲ್ಲ?” ಅಂದ. ನಡೀತದೆ. ಶುಂಠಿ, ಬೆಲ್ಲ, ನಿಂಬೆಯ ಪಾಕ ಮಾಡಿ, ಸಿಲಿಂಡರ್ ಗ್ಯಾಸು ತುಂಬಿದರೆ ಆಲ್ಕೊಹಾಲ್ ಇಲ್ಲ. ಆದರೆ ಕಾಕಾ ಅಲ್ಲೂ ಒಂದು ಕೊಕ್ಕೆ ಹಾಕಿದರು. ಬೆಲ್ಲದ ನೀರು ತುಂಬಿದ ಬಾಟಲಿ ಎರಡು ದಿನ ಬಿಸಿಲಿನಲ್ಲಿ ಇದ್ದರೆ ಯಾರೂ ಯೀಸ್ಟ್ ಹಾಕದಿದ್ದರೂ ಹುದುಗಲು ಶುರು ಆಗ್ತದೆ, ಗಾಳಿಯಲ್ಲೂ ಇರ್ತದೆ, ಬೆಲ್ಲದಲ್ಲೂ ಇರ್ತದೆ. ಕಾಕಾಗೆ ಯೀಸ್ಟ್ ಅನ್ನೋ ಹೆಸರು ಗೊತ್ತಿಲ್ಲ, “ಹುಳಿ ಹತ್ತತೈತಿ” ಅಂತಾರೆ. ಅವರದೇ ತೀರ್ಮಾನ: “ಬಾಟ್ಲ್ಯಾಗ ಬರೇ ನೀರು, ಗ್ಯಾಸು. ಸಿಹಿ ಏನಿದ್ರೂ ಗ್ಲಾಸ್ನ್ಯಾಗ.” ಜರ್ಮನಿಯ ಸೈಕಲ್‌ನವರಿಗೆ ಕೊಟ್ಟ ಹಾಗೆಯೇ, ಬಿಯರ್ ಒಂದು ಇಲ್ಲ.

ಮೊನ್ನೆ ಅಟ್ಟದಿಂದ ಬಾಟಲಿ ಇಳಿಸಿದೆವು. ಒಂದೊಂದನ್ನೂ ಬೆಳಕಿಗೆ ಹಿಡಿದು ಸೀಳು ನೋಡಿದಾಗ 38 ಬಾಟಲಿ ಕೆಲಸಕ್ಕೆ ಬಾರದವು, ಒಡೆದು ಹಾಕಿದೆವು. ಆಹಾರ ಸುರಕ್ಷತೆಯ ನೋಂದಣಿಗೆ ತಮ್ಮ ಅರ್ಜಿ ತುಂಬಿದ್ದಾನೆ. ಕುಡಿಯೋ ಪಾನೀಯಕ್ಕೆ ಬಳಸುವ ಗ್ಯಾಸೇ ಕೊಡಬೇಕು ಅಂತ ಸಿಲಿಂಡರ್‌ನವರ ಹತ್ತಿರ ಮಾತಾಡಿದ್ದಾನೆ, ವೆಲ್ಡಿಂಗ್ ಅಂಗಡಿಯದು ಬೇಡ ಅಂತ ಕಾಕಾ ಎರಡು ಸಲ ಹೇಳಿ ಕಳಿಸಿದ್ದರು. ಪಾಕದ ಅಳತೆ ಇನ್ನೂ ಕೂಡಿಲ್ಲ. ಸದ್ಯಕ್ಕೆ ಒಂದು ಗ್ಲಾಸಿಗೆ ಎರಡು ದೊಡ್ಡ ಚಮಚ, ಅವ್ವ ಸಿಹಿ ಜಾಸ್ತಿ ಅಂತಾಳೆ, ತಮ್ಮ ಕಡಿಮೆ ಅಂತಾನೆ.

ಉತ್ಸವ ಅಕ್ಟೋಬರ್ 23ಕ್ಕೆ. ಅಷ್ಟರೊಳಗೆ ಒಂದು ಕೆಲಸ ಬಾಕಿ. ಬಾಟಲಿಗಳ ರಬ್ಬರ್ ಉಂಗುರ ಎಲ್ಲ ಒಣಗಿ ಬಿರುಕು ಬಿಟ್ಟಿವೆ, ಕಾಕಾ ತರಿಸುತ್ತಿದ್ದ ಅಂಗಡಿ ಈಗಿಲ್ಲ. ಗೋಲಿ ಬಾಟಲಿಯ ಉಂಗುರ ಬೆಳಗಾವಿ, ಹುಬ್ಬಳ್ಳಿ ಕಡೆ ಎಲ್ಲಿ ಸಿಗ್ತದೆ ಅಂತ ಕೇಳ್ತಿರೋ ಯಾರಿಗಾದರೂ ಗೊತ್ತಿದ್ದರೆ ತಿಳಿಸ್ರಿ. ನೂರೈವತ್ತರ ಮೇಲೆ ಬೇಕು.